ಕೀಬೋರ್ಡ್ ಬಿಟ್ಟು ಬಂದ ಸಿಂಥಸೈಜರ್

ಪ್ರಯೋಗಶೀಲ ಎಲೆಕ್ಟ್ರಾನಿಕ್ ಸಂಗೀತ ಬರೀ ಯಂತ್ರದ ಸದ್ದು, ಅದರಲ್ಲಿ ಭಾವಕ್ಕೆ ಜಾಗವಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಸರ್, ಈ ಮಾತು ಒಪ್ಪಲು ನನ್ನಿಂದ ಆಗುತ್ತಿಲ್ಲ. ಫ್ರಾನ್ಸಿನ ಸಂಗೀತ ಸಂಯೋಜಕಿ ಎಲಿಯಾನ್ ರಾಡಿಗ್ ಅವರ ಕೃತಿಗಳನ್ನು ಒಮ್ಮೆ ಕೇಳಿ.

1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಎಆರ್‌ಪಿ 2500 ಎಂಬ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ತಂದಾಗ, ಅದರ ಕೀಬೋರ್ಡನ್ನು ಬೇಕೆಂದೇ ಅಲ್ಲೇ ಬಿಟ್ಟು ಬಂದವರು ಅವರು. ನಾಬ್‌ಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ನಾದವನ್ನು ನಿಧಾನವಾಗಿ ಬದಲಿಸುವುದೇ ಅವರ ವಾದನವಾಗಿತ್ತು. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಕಂಪನದ ಒಂದು ನಾದ, 101ರ ಇನ್ನೊಂದು, ಒಟ್ಟಿಗೆ ನುಡಿದರೆ ಸದ್ದು ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಇನ್ನೇನು ಸೇರಬೇಕು ಅನ್ನುವ ಹೊತ್ತಿಗೆ ಕೇಳಿಸುತ್ತದಲ್ಲ, ಅದೇ ಅಲೆ. ನಾವು ಅದನ್ನು ಸರಿಪಡಿಸಿ ಮುಂದೆ ಹೋಗುತ್ತೇವೆ. ರಾಡಿಗ್ ಅಲ್ಲೇ ನಿಂತು ಇಡೀ ಕೃತಿ ಕಟ್ಟುತ್ತಿದ್ದರು.

1989ರಲ್ಲಿ ಅವರ ಮಗ ಕಾರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಬಂದ 'ಕೈಲಾಶ' ಎಂಬ ಕೃತಿ ಕೈಲಾಸ ಪರ್ವತಕ್ಕೆ ಮನಸ್ಸಿನಲ್ಲೇ ಹಾಕಿದ ಪ್ರದಕ್ಷಿಣೆ, ಹತ್ತಿರ ಹತ್ತಿರ ಒಂದು ಗಂಟೆಯದು. ಮಾತಿಲ್ಲ, ತಾಳವಿಲ್ಲ. ಅಮ್ಮ ಹೋದ ಮೇಲೆ ಒಂದು ರಾತ್ರಿ ದೀಪ ಆರಿಸಿ ಕೇಳಿದೆ. ಎಷ್ಟೋ ಹೊತ್ತಿನ ಮೇಲೆ ಒಂದು ತೆಳು ಮೇಲಿನ ನಾದ ಯಾವಾಗಲೋ ಸೇರಿಕೊಂಡಿರುವುದು ಗೊತ್ತಾಯಿತು, ಬಂದ ಗಳಿಗೆ ಗೊತ್ತಾಗಲಿಲ್ಲ. ಅಳು ಬಂತು. ಹದಿಮೂರು ದಿನ ಬಾರದ ಅಳು.

ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಕೆಳ ಸ್ಥಾಯಿಯ ನಾದಗಳು ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಮೊದಲ ಹತ್ತು ನಿಮಿಷ ಕೈ ಆಡಿಸದೆ ಕೂತುಕೊಳ್ಳಿ.