ಎಚ್‌ಬಿ ಸರಿ ಇದ್ದರೆ ಕಬ್ಬಿಣಾಂಶವೂ ಭರ್ತಿಯೇ?

'ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 12 ಇದೆ, ಅಂದಮೇಲೆ ಕಬ್ಬಿಣಾಂಶ ಭರ್ತಿ' ಎಂದು ವಿಜಯಪುರದ ಕಡೆ ವಾಟ್ಸಾಪ್‌ನಲ್ಲಿ ಸುತ್ತುವ ಮಾತು ಅರ್ಧಸತ್ಯ. ದೇಹದ 3–4 ಗ್ರಾಂ ಕಬ್ಬಿಣದಲ್ಲಿ ಸುಮಾರು ಮೂರನೇ ಎರಡು ಪಾಲು ಕೆಂಪು ರಕ್ತಕಣಗಳಲ್ಲಿದೆ, ನಿಜ. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣು, ಪ್ರತಿ ಅಣುವಿನಲ್ಲಿ 4 ಕಬ್ಬಿಣದ ಪರಮಾಣು. ಆದರೆ ಅದು ದುಡಿಯುವ ಕಬ್ಬಿಣ. ಹಗೇವಿನಲ್ಲಿ (ನೆಲದಡಿಯ ಕಣಜ) ಕೂಡಿಟ್ಟ ಜೋಳದಂಥ ದಾಸ್ತಾನು ಕಬ್ಬಿಣ ಬೇರೆ. ಯಕೃತ್ತಿನ ಜೀವಕೋಶಗಳು ಅದನ್ನು ಫೆರಿಟಿನ್ ಎಂಬ ಪ್ರೋಟೀನ್ ಗೂಡಿನಲ್ಲಿ ಕೂಡಿಡುತ್ತವೆ, ಗೂಡೊಂದಕ್ಕೆ ಹೆಚ್ಚೆಂದರೆ 4,500 ಪರಮಾಣು. ಬಿಡಿಯಾಗಿ ಬಿಟ್ಟರೆ ಕಬ್ಬಿಣ ಜೀವಕೋಶವನ್ನೇ ಹಾಳುಮಾಡುತ್ತದೆ.

ಕೊರತೆಯಾದಾಗ ಮೊದಲು ಹಗೇವು ಬರಿದು, ಎಚ್‌ಬಿ ಇಳಿಯುವುದು ಆಮೇಲೆ. ಸುಸ್ತು ಹೋಗದಿದ್ದರೆ ವೈದ್ಯರನ್ನು ಕೇಳಿ ಫೆರಿಟಿನ್ ಪರೀಕ್ಷೆ ಮಾಡಿಸಿ: ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಸೋಂಕು, ಉರಿಯೂತ ಇದ್ದಾಗ ಈ ಅಂಕಿ ಸುಮ್ಮನೆ ಏರಿರುತ್ತದೆ. ಆಗ ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ನೋಡಬೇಕು. ಊಟದ ಕಬ್ಬಿಣ ಮೈಗೆ ಹತ್ತಲು ರೊಟ್ಟಿ ಜೊತೆಗಿನ ಪಲ್ಯಕ್ಕೆ ಇಂಡಿ ಲಿಂಬೆ ಹಿಂಡಿ; ಊಟದ ಬೆನ್ನಿಗೇ ಚಹಾ ಬೇಡ.