ಬೇಸಗೆ ರಂಗಶಿಬಿರದ ಕಾದಂಬರಿ: ಟೂ ಬಿಟ್ಟದ್ದು ರಂಗದ ಮೇಲೆ ಕಾಣಲಿ

ಏಪ್ರಿಲ್ ಬಂತೆಂದರೆ ಉಡುಪಿ, ಮಂಗಳೂರಲ್ಲಿ ಮಕ್ಕಳ ರಂಗಶಿಬಿರದ ಫ್ಲೆಕ್ಸುಗಳು ಏಳುತ್ತವೆ. ಮಕ್ಕಳಿಗೆ ನಾಟಕ ಬರೆದವರು, ಆಡಿಸಿದವರು ನಮ್ಮ ಕಡೆ ಕಡಿಮೆಯೇನಿಲ್ಲ: ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು, ಪುತ್ತೂರಿನ ಬಾಲವನದ ಶಿವರಾಮ ಕಾರಂತರು, ಕುಂದಾಪುರದ ವೈದೇಹಿ. ಆದರೆ ನಾಟಕ ಆಡುವ ಮಕ್ಕಳನ್ನೇ ಇಟ್ಟುಕೊಂಡು, 8ರಿಂದ 12ರ ಪ್ರಾಯದವರು ತಾವಾಗಿ ಕೂತು ಓದುವಂಥ ಕಾದಂಬರಿ ಕೊಡಿ ಅಂದರೆ ಪುಸ್ತಕದಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ಭೂತಬಂಗಲೆ ಇದೆ, ನಿಧಿ ಇದೆ, ಕಾಡಿನ ಸಾಹಸ ಇದೆ. ಜೀವದ ಗೆಳತಿ ಮಾತು ಬಿಟ್ಟ ಕತೆ ಹುಡುಕಬೇಕು. ಐದನೇ ಕ್ಲಾಸಿನವಳಿಗೆ ನಿಧಿಗಿಂತ ದೊಡ್ಡ ಸಂಗತಿ ಅದು.

ಬರೆಯಲು ಹೊರಟವರು ಮೊದಲು ಶಿಬಿರದ ದಿನಗಳನ್ನು ಲೆಕ್ಕ ಹಾಕಿಕೊಳ್ಳಿ. 20 ದಿನದ ಶಿಬಿರವಾದರೆ ಮೊದಲ 5 ದಿನ ಆಟ, ರಂಗಗೀತೆ, ಮುಖವಾಡ. 6ನೇ ದಿನ ನಾಟಕದ ಓದು, 7ಕ್ಕೆ ಪಾತ್ರ ಹಂಚಿಕೆ. ಆಮೇಲೆ ತಾಲೀಮು, 19ಕ್ಕೆ ಗ್ರ್ಯಾಂಡ್ ರಿಹರ್ಸಲ್, 20ಕ್ಕೆ ಪ್ರದರ್ಶನ. ಹಸ್ತಪ್ರತಿಗಳು ಎಡವುವುದು ಮೊದಲ ದಿನದಲ್ಲೇ: ಇಪ್ಪತ್ತೈದು ಮಕ್ಕಳ ಹೆಸರು, ಚೀಲದ ಬಣ್ಣ, ತಿಂಡಿ ಡಬ್ಬಿ ಎಂದು ಮೂವತ್ತು ಪುಟ ಮುಗಿದಿರುತ್ತದೆ. ಪಾತ್ರ ಹಂಚಿಕೆ ಪುಸ್ತಕದ ಕಾಲು ಭಾಗ ದಾಟುವ ಮೊದಲೇ ಬರಬೇಕು. ಅರ್ಧದಷ್ಟು ಪುಟ ತಾಲೀಮಿಗೇ ಮೀಸಲು. ಒಟ್ಟು 25,000 ಪದ, 18ರಿಂದ 20 ಅಧ್ಯಾಯ ಸಾಕು. ಇಂಗ್ಲಿಷಿನ 40,000 ಪದದ ಅಳತೆಯನ್ನು ಇಲ್ಲಿಗೆ ತಂದರೆ ಪುಸ್ತಕ ಇಟ್ಟಿಗೆಯಾಗುತ್ತದೆ. ಅವರ ಮೂರು ಪದದ ಕೆಲಸವನ್ನು ನಮ್ಮ ಒಂದು ಕ್ರಿಯಾಪದ ಮಾಡಿ ಮುಗಿಸುತ್ತದೆ.

ಪಾತ್ರ ಹಂಚಿಕೆ ನ್ಯಾಯವಾಗಿಯೇ ನಡೆಯಲಿ. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ. ಶಿಬಿರದ ಸರ್ ಪಕ್ಷಪಾತಿ, ಯಾರದೋ ಅಪ್ಪ ದೇಣಿಗೆ ಕೊಟ್ಟದ್ದು ಎಂದು ಬರೆದ ಕೂಡಲೇ ಸಿಟ್ಟೆಲ್ಲ ಸರ್ ಕಡೆಗೆ ಹರಿಯುತ್ತದೆ, ಗೆಳತಿಯರ ನಡುವೆ ಏನೂ ಉಳಿಯುವುದಿಲ್ಲ. ಕಾರಣ ಸಾಮಾನ್ಯದ್ದಾಗಿರಲಿ. ನಮ್ಮ ಸೆಕೆಗೆ ಫ್ಯಾನ್ ಹಾಕದೆ ಹಾಲ್‌ನಲ್ಲಿ ಕೂರಲಾಗುವುದಿಲ್ಲ, ಹಾಕಿದರೆ ಅದರ ಸದ್ದು ಮಾತನ್ನು ನುಂಗುತ್ತದೆ. ಸರ್ ಕೊನೆಯ ಸಾಲಿನಲ್ಲಿ ನಿಂತು ಒಬ್ಬೊಬ್ಬರಿಂದ ಮಾತು ಹೇಳಿಸುತ್ತಾರೆ. ಇಬ್ಬರು ಗೆಳತಿಯರಲ್ಲಿ ಫ್ಲಾಟಿನಲ್ಲಿ ಬೆಳೆದವಳಿಗೆ ಎಲ್ಲರ ಮಾತೂ ಬಾಯಿಪಾಠ, ಆದರೆ ಸ್ವರ ನಾಲ್ಕನೇ ಸಾಲಿಗೆ ನಿಂತುಬಿಡುತ್ತದೆ. ಅಂಗಳದಿಂದ ತೋಟಕ್ಕೆ ಕೂಗಿ ಮಾತಾಡಿ ರೂಢಿಯಿದ್ದವಳದ್ದು ಗೋಡೆಗೆ ಹೋಗಿ ಬಡಿಯುತ್ತದೆ. ಮುಖ್ಯ ಪಾತ್ರವಾದ ರಾಣಿ ಅವಳಿಗೆ, ದಾಸಿ ಫ್ಲಾಟಿನವಳಿಗೆ. ತಪ್ಪು ಯಾರದೂ ಇಲ್ಲ, ನೋವು ಮಾತ್ರ ಇದೆ.

ಇನ್ನು ಜಗಳ. ಚೀಟಿ ಹರಿಯುವುದು, ಟಿಫಿನ್ ಕದಿಯುವುದು ಯಾವ ಶಾಲೆಯಲ್ಲೂ ನಡೆದೀತು. ರಂಗಶಿಬಿರದಲ್ಲೇ ನಡೆಯಬಹುದಾದದ್ದು ಬೇಕಲ್ಲ? ಅದಕ್ಕೆ ನಾಟಕದವರ ಕ್ಯೂ (cue) ಇದೆ, ಅಂದರೆ ಮುಂದಿನವರು ಮಾತು ಶುರು ಮಾಡಲು ಸಿಗುವ ಸೂಚನೆ. ಒಬ್ಬಳ ಮಾತಿನ ಕೊನೆಯ ಎರಡು ಮೂರು ಪದ ಕಿವಿಗೆ ಬಿದ್ದರೆ ಇನ್ನೊಬ್ಬಳ ಬಾಯಿ ತೆರೆಯುತ್ತದೆ. ಮಕ್ಕಳು ಅರ್ಥ ಹಿಡಿದು ಕಾಯುವುದಿಲ್ಲ, ಸದ್ದು ಹಿಡಿದು ಕಾಯುತ್ತಾರೆ. ಈಗ ದಾಸಿಯ ಪಾತ್ರ ಸಿಕ್ಕವಳ ಮಾತು ಹೀಗಿದೆ ಅಂದುಕೊಳ್ಳಿ: "ಬಾವಿಗೆ ಹಗ್ಗ ಬಿಟ್ಟವರು ಯಾರು, ಕೊಡ ಇಳಿಸಿದವರು ಯಾರು?" ಅವಳು ಮೊದಲನೆಯ "ಯಾರು"ವಿಗೇ ನಿಲ್ಲಿಸುತ್ತಾಳೆ. ನೋಡುವವರಿಗೆ ವಾಕ್ಯ ಪೂರ್ತಿಯಾಗಿಯೇ ಕೇಳುತ್ತದೆ. ರಾಣಿಯಾದವಳು ಮಾತ್ರ "ಕೊಡ"ಕ್ಕೆ ಕಾದು ಬಾಯಿ ಅರ್ಧ ತೆರೆದು ನಿಂತಿದ್ದಾಳೆ. ಮೂರು ಸೆಕೆಂಡ್. ಕೊನೆಯ ಸಾಲಿನಿಂದ ಬೈಗುಳ ಬರುವುದು ರಾಣಿಗೆ: "ಏ, ಗಮನ ಎಲ್ಲುಂಟು ನಿಂದು?" ನಡೆದದ್ದು ಇಬ್ಬರಿಗೇ ಗೊತ್ತು. ಹೋಗಿ ದೂರು ಹೇಳಿದರೂ ಯಾರು ನಂಬುತ್ತಾರೆ ಮಾರಾಯ್ರೆ!

ಇದು ತಾಗಬೇಕಾದರೆ ತಯಾರಿ ಬೇಕು. ಎರಡನೇ ಅಧ್ಯಾಯದಲ್ಲೇ ಚಪ್ಪಾಳೆ ದಾಟಿಸುವ ಆಟ ಬರಲಿ (ಪಕ್ಕದವರ ಚಪ್ಪಾಳೆ ಬಂದ ಕೂಡಲೇ ತಾನು ತಟ್ಟಿ ಮುಂದಿನವರಿಗೆ ದಾಟಿಸುವುದು), ಆಗ ಕ್ಯೂ ಏನೆಂದು ನಾಟಕ ನೋಡದ ಓದುಗನಿಗೂ ಮೈಗೆ ಹತ್ತಿರುತ್ತದೆ. ಬೇಕಾದ ಹೊತ್ತಿಗೆ ವಿವರಿಸಲು ಕೂತರೆ ದೃಶ್ಯ ಸತ್ತಿತು.

ಭಾಷೆ ನಮ್ಮಲ್ಲಿ ಪುಕ್ಕಟೆ ಸಿಗುವ ಸಲಕರಣೆ. ಒಬ್ಬಳ ಮನೆಯಲ್ಲಿ ತುಳು, ಇನ್ನೊಬ್ಬಳದ್ದು ಕುಂದಾಪುರ ಕನ್ನಡ, ಇಬ್ಬರ ನಡುವೆ ಉಡುಪಿಯ ಕನ್ನಡ, ರಂಗದ ಮೇಲೆ ಪುಸ್ತಕದ ಕನ್ನಡ. ಸಿಟ್ಟು ಬಂದಾಗ ಒಬ್ಬಳು ತುಳುವಿನಲ್ಲಿ "ಎಂಕ್ ಬೊಡ್ಚಿ" (ನನಗೆ ಬೇಡ) ಅನ್ನಲಿ, ಇನ್ನೊಬ್ಬಳು "ಎಂತಕ್ ಹಾಂಗ್ ಮಾಡ್ದೆ?" ಅನ್ನಲಿ. "ಅವಳಿಗೆ ತುಂಬಾ ಕೋಪ ಬಂತು" ಎಂಬ ಸಾಲು ಹೊಡೆದು ಹಾಕಬಹುದು. ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಭಾಷೆ ಇಟ್ಟರೆ ಮಕ್ಕಳು ಎರಡನೇ ಪುಟದಲ್ಲೇ ಪತ್ತೆಹಚ್ಚುತ್ತಾರೆ.

ಪ್ರದರ್ಶನದ ದಿನ ನಾಯಕಿಗೆ ಜ್ವರ ಬಂದು ಗೆಳತಿಗೆ ಪಾತ್ರ ಸಿಗುವ ತಿರುವು ದಯವಿಟ್ಟು ಬೇಡ. ಸರ್ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳುವ ಅಧ್ಯಾಯವೂ ಬೇಡ. ಅವರಿಬ್ಬರನ್ನು ಒಟ್ಟಿಗೆ ಕೂರಿಸಲು ಮೇಕಪ್ ಕೋಣೆಯೇ ಸಾಕು. 30 ಮಕ್ಕಳು, ಬಣ್ಣ ಹಚ್ಚುವವರು 2 ಮಂದಿ, ಒಬ್ಬರಿಗೆ 5 ನಿಮಿಷ ಅಂದರೂ 75 ನಿಮಿಷ. ಸಂಜೆ ಆರೂವರೆಯ ಆಟಕ್ಕೆ ನಾಲ್ಕಕ್ಕೇ ಶುರು ಮಾಡಬೇಕು. ಮೊದಲು ಬಣ್ಣ ಹಚ್ಚಿಸಿಕೊಂಡವರು ಬೆವರಿ ಕರಗದಂತೆ, ಮುಖ ಅಲುಗಿಸದೆ ಕಾಯಬೇಕು. ಬೆವರಿಗೆ ಅಂಟು ಹಿಡಿಯದೆ ಮೀಸೆಗಳು ಜೋತು ಬೀಳುತ್ತಿರುತ್ತವೆ. ಮಾತು ಬಿಟ್ಟವರು ಅಕ್ಕಪಕ್ಕ ಕೂತಿದ್ದಾರೆ. ಮಾತಾಡುವ ಮನಸ್ಸಾದರೂ ಈಗ ಮಾತಾಡಬಾರದು. ಎದುರಿನ ಮಂತ್ರಿಯ ಮೀಸೆ ಜಾರಿದರೆ ಇಬ್ಬರೂ ನಗು ಹೇಗೆ ತಡೆದಾರು?

ಅಲ್ಲಿಂದ ಮುಂದೆ ಕ್ಷಮೆ ಕೇಳಿಸಲೇಬೇಕೆಂದಿಲ್ಲ. ರಂಗದ ಮೇಲೆ ದಾಸಿ ಪೂರ್ತಿ ಮಾತು ಹೇಳಿದರೆ ಓದುಗನಿಗೆ ತಿಳಿಯುತ್ತದೆ. ಗೆಳೆತನ ಮೊದಲಿನಂತೆ ಆಯಿತೇ ಇಲ್ಲವೇ ಎಂಬುದನ್ನು ತೆರೆದಿಟ್ಟರೂ ಈ ಪ್ರಾಯದವರು ತಕರಾರು ಮಾಡುವುದಿಲ್ಲ. ತಕರಾರು ಮಾಡುವವರು ಬಹುಮಾನ ಸಮಿತಿಯವರು.

ಅಚ್ಚಿಗೆ ಕೊಡುವ ಮೊದಲು ಐದರಿಂದ ಏಳನೇ ತರಗತಿಯ ನಾಲ್ಕೈದು ಮಕ್ಕಳಿಗೆ ಪ್ರತಿ ಕೊಡಿ. ಎದ್ದು ಹೋಗಬೇಕು ಅನಿಸಿದ ಕಡೆ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯಲಿ. ಮೂವರ ಗೆರೆ ಒಂದೇ ಪುಟದಲ್ಲಿ ಬಿದ್ದರೆ ಆ ಪುಟ ತೆಗೆಯಿರಿ. ಓದುವಾಗ ಅಪ್ಪ ಅಮ್ಮ ಪಕ್ಕದಲ್ಲಿ ಇರಬಾರದು. ಇದ್ದರೆ ಒಂದೂ ಗೆರೆ ಬೀಳುವುದಿಲ್ಲ.