ಅಭಿಮಾನಿಯ ಹಾಗೆ ವರ್ತಿಸಬೇಡಿ, ಪ್ಲೀಸ್

ಫ್ರಾನ್ಸಿನಲ್ಲಿ ಇನ್ನೊಂದು ಪಂದ್ಯಕ್ಕೆ ಎದುರು ತಂಡದ ಅಭಿಮಾನಿಗಳು ಬರಕೂಡದು ಅಂತ ಆದೇಶ ಹೊರಟಿದೆಯಂತೆ. ಇದೇನು ಸುದ್ದಿಯಲ್ಲ ಬಿಡಿ. ಫುಟ್‌ಬಾಲ್ ಸೀಸನ್ ಶುರುವಾದರೆ ಅಲ್ಲಿ ಇದು ಹವಾಮಾನ ವರದಿಯ ಹಾಗೆ. ಉತ್ತರದಲ್ಲಿ ತುಂತುರು ಮಳೆ, ದಕ್ಷಿಣದಲ್ಲಿ ಜೋರು ಗಾಳಿ, ಶನಿವಾರದ ಮ್ಯಾಚಿಗೆ ನೆಂಟರಿಗೆ ಬಾಗಿಲು ಬಂದ್.

ನನಗೆ ನಿಷೇಧಕ್ಕಿಂತ ಅದರ ಭಾಷೆ ಇಷ್ಟ. ಈ ಆದೇಶಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ. ಇಂಥ ಕ್ಲಬ್ಬಿನ ಅಭಿಮಾನಿ ಅಂತ ಹೇಳಿಕೊಳ್ಳುವ, ಅಥವಾ ಹಾಗೆ ವರ್ತಿಸುವ ಯಾವುದೇ ವ್ಯಕ್ತಿ ಇಂಥ ಬೀದಿಯಿಂದ ಇಂಥ ಬೀದಿಯವರೆಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಓಡಾಡುವಂತಿಲ್ಲ, ನಿಲ್ಲುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, 30,000 ಯೂರೋವರೆಗೆ ದಂಡ.

ಹೇಳಿಕೊಳ್ಳುವುದು ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಆದರೆ ‘ಹಾಗೆ ವರ್ತಿಸುವುದು’ ಅಂದರೆ ಹೇಗೆ? ನಾನು ಕಂಡ ಹಾಗೆ ಅಭಿಮಾನಿ ಉಗುರು ಕಚ್ಚುತ್ತಾನೆ. ಐದು ನಿಮಿಷಕ್ಕೊಮ್ಮೆ ಫೋನ್ ನೋಡಿ ನಿಟ್ಟುಸಿರು ಬಿಡುತ್ತಾನೆ. ತನಗೆ ಸಂಬಂಧವೇ ಇಲ್ಲದ ಹಣಕ್ಕೆ ಯಾರನ್ನೋ ಮಾರಿದರು ಅಂತ ಹಲ್ಲು ಕಡಿಯುತ್ತಾನೆ. ಹೋಮ್ ಲೋನ್ ಇರುವ ಯಾವ ಗಂಡಸಾದರೂ ಇದನ್ನೇ ತಾನೇ ಮಾಡುವುದು? ಅಂಥವನೊಬ್ಬ ಮೂಲೆಯಲ್ಲಿ ನಿಂತಿದ್ದರೆ ಪೊಲೀಸಪ್ಪ ಬಂದು ಏನು ಕೇಳಬೇಕು? "ಸ್ವಾಮಿ, ಈ ಬೇಜಾರು ಯಾವ ತಂಡದ್ದು?"

ನಮ್ಮ ಆರ್‌ಸಿಬಿಯವರನ್ನು ಆ ಬೀದಿಗೆ ಬಿಟ್ಟು ನೋಡಬೇಕು. ಹದಿನೇಳು ವರ್ಷ ಸೋತು, ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಅಂದ ಜನ. ಎರಡೂ ಕಲಮು ಒಟ್ಟಿಗೇ ಬೀಳುತ್ತಿದ್ದವು. ಅಭಿಮಾನಿಗಳೇ ದೇವರು ಅಂತ ಅಣ್ಣಾವ್ರು ಕೈಮುಗಿದ ನಾಡು ನಮ್ಮದು. ಅಲ್ಲಿ ದೇವರಿಗೇ ನಿಷೇಧಾಜ್ಞೆ.

ನಾನು ಬರೆದದ್ದು ಜಾಸ್ತಿಯಾಯಿತು ಅನ್ನಿಸಿದರೆ 2020ರ ಆಗಸ್ಟ್ ನೆನಪಿಸಿಕೊಳ್ಳಿ. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್, ಪ್ಯಾರಿಸ್ಸಿನ ಪಿಎಸ್‌ಜಿ ಮತ್ತು ಬಯರ್ನ್ ಮ್ಯೂನಿಕ್. ಆಟ ನಡೆಯಬೇಕಾಗಿದ್ದದ್ದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ. ಕೊರೊನಾ ಕಾಲ, ಸ್ಟೇಡಿಯಂ ಒಳಗೆ ಪ್ರೇಕ್ಷಕರೇ ಇಲ್ಲ. ಇಂಥ ಪಂದ್ಯಕ್ಕೆ, ಫ್ರಾನ್ಸಿನದೇ ಇನ್ನೊಂದು ಊರಾದ, ಪಿಎಸ್‌ಜಿಯ ಬದ್ಧ ಎದುರಾಳಿ ತಂಡದ ತವರಾದ ಮಾರ್ಸೇಯ ಅಧಿಕಾರಿಗಳು ತಮ್ಮ ಊರಿನ ಹಳೇ ಬಂದರಿನ ಸುತ್ತಮುತ್ತ ಪಿಎಸ್‌ಜಿ ಅಭಿಮಾನಿಯಂತೆ ವರ್ತಿಸುವವರು ಮಧ್ಯಾಹ್ನ ಮೂರರಿಂದ ಬೆಳಗಿನ ಜಾವ ಮೂರರವರೆಗೆ ತಿರುಗಾಡಕೂಡದು ಅಂತ ಆದೇಶ ಹೊರಡಿಸಿದರು. ಫ್ರಾನ್ಸಿನ ತಂಡ ಗೆಲ್ಲಲಿ ಅಂತ ಫ್ರಾನ್ಸಿನ ಬೀದಿಯಲ್ಲಿ ಆಸೆಪಡುವುದು ಅಪರಾಧ! ಇಡೀ ದೇಶ ನಕ್ಕಿತು. ಮರುದಿನವೇ ಆದೇಶ ವಾಪಸ್. ಪಿಎಸ್‌ಜಿ ಸೋತಿತು ಅನ್ನಿ. 59ನೇ ನಿಮಿಷಕ್ಕೆ ಗೋಲ್ ಹೊಡೆದ ಕಿಂಗ್ಸ್ಲಿ ಕೊಮಾನ್ ಪ್ಯಾರಿಸ್ಸಿನಲ್ಲೇ ಹುಟ್ಟಿ, ಪಿಎಸ್‌ಜಿಯಲ್ಲೇ ಆಟ ಕಲಿತ ಹುಡುಗ. ಮನೆಮಗನೇ ಮುಳುಗಿಸಿದ. ಅವನ ಮೇಲೆ ಯಾವ ಆದೇಶವೂ ಇರಲಿಲ್ಲ.

ಈ ಆದೇಶ ಬರೆಯುವವರನ್ನು ಪ್ರಿಫೆಕ್ಟ್ ಅನ್ನುತ್ತಾರೆ. ಹೆಚ್ಚುಕಮ್ಮಿ ನಮ್ಮ ಡಿಸಿ ಸಾಹೇಬರು. 2011ರ ಒಂದು ಕಾನೂನು ಅವರಿಗೂ ಗೃಹ ಸಚಿವರಿಗೂ ಈ ಅಧಿಕಾರ ಕೊಟ್ಟಿತು. ಅಪರೂಪಕ್ಕೆ ಬಳಸಬೇಕಾದ ಔಷಧಿ ಅದು. ಈಗ ಉಪ್ಪಿನಕಾಯಿ ಆಗಿದೆ, ಪ್ರತಿ ಊಟಕ್ಕೂ ಎಲೆ ತುದಿಯಲ್ಲಿ. ಪಿಎಸ್‌ಜಿ ಮತ್ತು ಮಾರ್ಸೇಯ ಪಂದ್ಯಕ್ಕಂತೂ ಎದುರು ಕಡೆಯವರು ಬಂದು ವರ್ಷಗಳೇ ಆದವು. ಫ್ರಾನ್ಸಿನ ಅತಿ ದೊಡ್ಡ ಪೈಪೋಟಿ ಅಂತ ಟಿವಿಯಲ್ಲಿ ಮಾರುವುದು ಅದನ್ನೇ. ಒಂದೇ ಪಕ್ಷದವರು ಕೂತು ಒಬ್ಬರಿಗೊಬ್ಬರು ಸವಾಲು ಹಾಕುವ ತಾಳಮದ್ದಳೆ ಇದ್ದ ಹಾಗೆ.

ಗಲಾಟೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಚೆನ್ನಾಗಿಯೇ ಇದೆ. 2023ರ ಅಕ್ಟೋಬರ್‌ನಲ್ಲಿ ಮಾರ್ಸೇಯಲ್ಲಿ ಲಿಯಾನ್ ತಂಡದ ಬಸ್ಸಿಗೆ ಕಲ್ಲು ಹೊಡೆದರು. ಕೋಚ್ ಫಾಬಿಯೊ ಗ್ರೊಸ್ಸೊ ಮುಖದಲ್ಲಿ ರಕ್ತ. ಅದೇ ಡಿಸೆಂಬರ್‌ನಲ್ಲಿ ನಾಂತ್ ಊರಿನಲ್ಲಿ ಪಂದ್ಯಕ್ಕೆ ಮೊದಲು ಒಬ್ಬ ಅಭಿಮಾನಿಯ ಪ್ರಾಣವೇ ಹೋಯಿತು. ತಮಾಷೆ ಮಾಡುವ ವಿಷಯ ಅಲ್ಲ ಅದು. ಆದರೆ 2021 ನೋಡಿ. ಆಗಸ್ಟ್‌ನಲ್ಲಿ ನೀಸ್‌ನಲ್ಲಿ ಮಾರ್ಸೇಯ ಆಟಗಾರ ದಿಮಿತ್ರಿ ಪಾಯೆಟ್‌ಗೆ ಬಾಟಲಿ ಬಿತ್ತು. ನವೆಂಬರ್‌ನಲ್ಲಿ ಲಿಯಾನ್‌ನಲ್ಲಿ ಅದೇ ಪಾಯೆಟ್‌ಗೆ ಇನ್ನೊಂದು ಬಾಟಲಿ. ಎರಡು ಪಂದ್ಯವೂ ಅರ್ಧಕ್ಕೇ ನಿಂತವು. ಎರಡು ಸಲವೂ ಎಸೆದದ್ದು ಆತಿಥೇಯರ ಕಡೆಯ ಸ್ಟ್ಯಾಂಡಿನಿಂದ. ಬಸ್ಸಿಗೆ ಕಲ್ಲು ಬಿದ್ದದ್ದೂ ಆತಿಥೇಯರ ಊರಲ್ಲಿ. ಹಾಗಾದರೆ ಮನೆಯಲ್ಲಿ ಕೂರಬೇಕಾದವರು ಯಾರು? ದೂರದಿಂದ ಬರುವವರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಗಾದೆ ನಮ್ಮದು ಅಂತ ಇಷ್ಟು ದಿನ ಹೆಮ್ಮೆಪಡುತ್ತಿದ್ದೆ. ಇದಕ್ಕೆ ಫ್ರೆಂಚ್ ಮೂಲ ಇದ್ದರೂ ಇರಬಹುದು.

ಇದೆಲ್ಲ ನನಗೇಕೆ ಅಂತೀರಾ? ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಹೋದವನು ಕೆಲಸ ಕಲಿತನೋ ಇಲ್ಲವೋ, ಒಂದು ಕ್ಲಬ್ಬಿನ ಹುಚ್ಚು ಮಾತ್ರ ಹಿಡಿಸಿಕೊಂಡ. ಅವನ ತಂಡದ ಜೊತೆ ಒಮ್ಮೆ ಫ್ರಾನ್ಸಿಗೂ ಹೋದ. ಊರಿನ ಹೆಸರು ಬರೆಯಬೇಡ ಮಾಮ ಅಂದಿದ್ದಾನೆ. ಭಾರತದ ಪಾಸ್‌ಪೋರ್ಟ್, ಮತ್ತೆ ವೀಸಾ ಬೇಕಲ್ಲ! ಆ ವೀಸಾಕ್ಕೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್, ಕಂಪನಿಯ ಪತ್ರ ಎಲ್ಲ ಕೊಟ್ಟಿದ್ದ. ಬರುವ ಉದ್ದೇಶ ಅನ್ನುವ ಜಾಗದಲ್ಲಿ ಪ್ರವಾಸ ಅಂತ ಬರೆದ. ಪುಣ್ಯ, ಅಭಿಮಾನ ಅಂತ ಬರೆಯಲಿಲ್ಲ.

ಅವನ ಹೋಟೆಲ್ ಕಿಟಕಿಯಿಂದ ಸ್ಟೇಡಿಯಂ ಕಾಣುತ್ತಿತ್ತಂತೆ. ನಡೆದರೆ ಹತ್ತು ನಿಮಿಷ. ಆದರೆ ನಡೆಯುವಂತಿಲ್ಲ. ಹೊರಗಿನ ಅಭಿಮಾನಿಗಳೆಲ್ಲ ಊರಾಚೆ ಹೆದ್ದಾರಿಯ ಟೋಲ್ ಗೇಟಿಗೆ ಬರಬೇಕು, ಅಲ್ಲಿ ಕಾಗದ ತೋರಿಸಿ ಟಿಕೆಟ್ ಪಡೆಯಬೇಕು, ಅಲ್ಲಿಂದ ಪೊಲೀಸ್ ಬೆಂಗಾವಲಿನಲ್ಲಿ ಬಸ್ಸು. ಹಾಗಾಗಿ ನಮ್ಮ ಹುಡುಗ ಸ್ಟೇಡಿಯಂ ಎದುರಿನಿಂದ ಟ್ಯಾಕ್ಸಿ ಹಿಡಿದು ಮೂವತ್ತು ಕಿಲೋಮೀಟರ್ ದೂರ ಹೋದ. ಅಲ್ಲಿ ಎರಡು ಗಂಟೆ ನಿಂತ. ಆಮೇಲೆ ಬಸ್ಸು ಹತ್ತಿ, ಮುಂದೆ ಹಿಂದೆ ಸೈರನ್ ಹಾಕಿಸಿಕೊಂಡು, ಅದೇ ಮೂವತ್ತು ಕಿಲೋಮೀಟರ್ ವಾಪಸ್ ಬಂದು ತನ್ನ ಹೋಟೆಲ್ ಎದುರೇ ಇಳಿದ. ತಲೆ ಸುತ್ತಿ ಮೂಗು ಮುಟ್ಟುವುದು ಅಂತ ಕೇಳಿದ್ದೆವು. ಇದು ಜಿಲ್ಲೆ ಸುತ್ತಿ ಮೂಗು ಮುಟ್ಟಿದ್ದು. "ಮಾಮ, ನಮ್ಮ ವಂಶದಲ್ಲಿ ಯಾರಿಗೂ ಇಷ್ಟು ಪೊಲೀಸ್ ಎಸ್ಕಾರ್ಟ್ ಸಿಕ್ಕಿರಲಿಲ್ಲ" ಅಂದ. ಅವನ ತಾತ ಒಮ್ಮೆ ಪುರಸಭೆ ಚುನಾವಣೆಗೆ ನಿಂತಿದ್ದರು, ಅವರಿಗೂ ಸಿಕ್ಕಿರಲಿಲ್ಲ ಅನ್ನುವುದು ನಿಜ.

ಒಳಗೆ ನೆಂಟರಿಗೆ ಪ್ರತ್ಯೇಕ ಕೋಣೆ. ಎತ್ತರದ ಮೂಲೆ, ಎರಡೂ ಕಡೆ ದಪ್ಪ ಪ್ಲಾಸ್ಟಿಕ್ ಗೋಡೆ, ಎದುರಿಗೆ ಬಲೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಪಾರಿವಾಳ ಬರದಿರಲಿ ಅಂತ ಹಾಕಿಸುತ್ತೇವಲ್ಲ, ಅದೇ ಬಲೆ. ಇಲ್ಲಿ ಪಾರಿವಾಳ ಒಳಗೆ. ಇಡೀ ಪಂದ್ಯವನ್ನು ಅವನು ಚೌಕಾಕಾರದ ತುಂಡುಗಳಲ್ಲಿ ನೋಡಿದ. ತಮ್ಮ ತಂಡದ ಗೋಲ್ ಆಯಿತು ಅಂತ ಪಕ್ಕದವನು ಹೇಳಿದ ಮೇಲೆ ಗೊತ್ತಾಯಿತು.

ಬೇಜಾರಿಗೆ ಒಂದು ಬಿಯರ್ ಕುಡಿಯೋಣ ಅಂದರೆ ಅದೂ ಇಲ್ಲ. 1991ರ ಎವಾಂ ಕಾನೂನು ಸ್ಟೇಡಿಯಂ ಒಳಗೆ ಮದ್ಯ ಮಾರುವುದನ್ನು ತಡೆದಿದೆ. ಸಿಗುವುದು ಆಲ್ಕೋಹಾಲ್ ಇಲ್ಲದ ಬಿಯರ್. ಬೇಳೆ ಇಲ್ಲದ ಸಾರು. ಗಾಜಿನ ಹಿಂದೆ ಕೂರುವ ವಿಐಪಿಗಳಿಗೆ ಮಾತ್ರ ಊಟದ ಜೊತೆ ಶಾಂಪೇನ್ ಹರಿಯುತ್ತದೆ. ಶ್ರೀಮಂತರು ಕುಡಿದರೆ ಅಭಿಮಾನಿಗಳ ಹಾಗೆ ವರ್ತಿಸುವುದಿಲ್ಲ ಅನ್ನುವುದು ವಿಜ್ಞಾನ ಇರಬೇಕು. ನಮ್ಮ ಹುಡುಗ ಸಸ್ಯಾಹಾರಿ ಬೇರೆ. ಹೊರಗೆ ಎಲ್ಲೆಲ್ಲೂ ಮೆರ್ಗೆಜ್ ಸಾಸೇಜಿನ ಘಮ, ಇವನಿಗೆ ಬರೀ ಆಲೂ ಚಿಪ್ಸ್. ಬ್ಯಾಗಿನಲ್ಲಿ ಅಕ್ಕ ಕಳಿಸಿದ್ದ ಕೋಡುಬಳೆ ಇತ್ತಂತೆ. ಗೇಟಿನಲ್ಲಿ ತೆಗೆದಿಟ್ಟುಕೊಂಡರು. ಗಟ್ಟಿ ಇದೆ, ಎಸೆಯಬಹುದು ಅಂತ. ಅಕ್ಕನಿಗೆ ಇನ್ನೂ ಹೇಳಿಲ್ಲ. ಅವಳು ಈ ಟೀಕೆಯನ್ನು ಫ್ರೆಂಚರಿಂದ ಸಹಿಸಲಾರಳು.

ಮ್ಯಾಚ್ ಮುಗಿದ ಮೇಲೆ ಒಂದೂಕಾಲು ಗಂಟೆ ಅಲ್ಲೇ ಕೂಡಿಹಾಕಿದರು. ಊರಿನವರು ಮನೆಗೆ ಹೋಗಿ ಊಟ ಮಾಡಿ ಮಲಗುವವರೆಗೆ ಇರಬೇಕು. ಆಮೇಲೆ ಮತ್ತೆ ಬಸ್ಸು, ಮತ್ತೆ ಟೋಲ್ ಗೇಟ್. ಹೋಟೆಲ್ ಎದುರಿಗೇ ಇದೆ ಸ್ವಾಮಿ ಅಂತ ಕೈ ತೋರಿಸಿದ. ಪೊಲೀಸರು ಅವನ ಬೆರಳು ನೋಡಿದರು, ಹೋಟೆಲ್ ನೋಡಿದರು, ಬಸ್ಸಿನ ಕಡೆ ತೋರಿಸಿದರು.

ಹಾಗಾದರೆ ಯಾಕೆ ಹೋಗಬೇಕು? ನಾನೂ ಕೇಳಿದೆ. ಅವನು ಲಾನ್ಸ್ ಕಥೆ ಶುರುಮಾಡಿದ. ಫ್ರಾನ್ಸಿನ ಉತ್ತರದಲ್ಲಿ ಕಲ್ಲಿದ್ದಲು ಗಣಿಗಳ ಹಳೇ ಊರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಊರಿನ ಜನಸಂಖ್ಯೆ ಮೂವತ್ತು ಸಾವಿರ ಚಿಲ್ಲರೆ, ಸ್ಟೇಡಿಯಂನಲ್ಲಿ ಹಿಡಿಸುವುದು ಸುಮಾರು 38,000. ಇಡೀ ಊರು ಬಂದು ಕೂತರೂ ಇನ್ನೂ ಜಾಗ ಉಳಿಯುತ್ತದೆ. ಎರಡನೇ ಅರ್ಧ ಶುರುವಾಗುವಾಗ ಎಲ್ಲರೂ ಎದ್ದುನಿಂತು ಗಣಿ ಕಾರ್ಮಿಕರ ಹಾಡು ಹೇಳುತ್ತಾರೆ. ಅಪ್ಪ, ಅಜ್ಜ ಗಣಿಗಿಳಿದ ಮಕ್ಕಳು. ಆ ಹಾಡನ್ನು ಎದುರು ಮೂಲೆಯಲ್ಲಿ ನಿಂತು ಒಮ್ಮೆ ಕೇಳಬೇಕು ಅಂತ ಅವನ ಆಸೆ. ಇದೂ ಒಂದು ಆಸೆಯಾ ಅಂದರೆ, ಹೌದು. ನಾವು ಹೊನ್ನಾವರದವರೆಗೆ ಹೋಗಿ ಯಕ್ಷಗಾನ ನೋಡಿ ಬೆಳಗಾಗಿ ಬರುವುದಿಲ್ಲವೇ? ಅದಕ್ಕೆ ಟೋಲ್ ಗೇಟಿನಲ್ಲಿ ಯಾರೂ ಬಸ್ಸು ಹತ್ತಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿಯವರೆಗೆ ನಗಬಹುದು. 2022ರ ಮೇ 28 ನೆನಪಾದರೆ ನಗು ಬರುವುದಿಲ್ಲ.

ಲಿವರ್‌ಪೂಲ್ ಮತ್ತು ಸ್ಪೇನಿನ ರಿಯಲ್ ಮ್ಯಾಡ್ರಿಡ್, ಅದೇ ಚಾಂಪಿಯನ್ಸ್ ಲೀಗ್ ಫೈನಲ್. ರಷ್ಯಾ ಯುಕ್ರೇನ್ ಮೇಲೆ ಬಿದ್ದದ್ದರಿಂದ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟು ಪ್ಯಾರಿಸ್ ಹೊರವಲಯದ ಸ್ಟಾದ್ ದ ಫ್ರಾನ್ಸ್‌ಗೆ ಬಂದ ಪಂದ್ಯ. ನಮಗೆ ರಾತ್ರಿ ಹನ್ನೆರಡೂವರೆ. ನಾನು ಕಾಫಿ ಮಾಡಿಕೊಂಡು ಕೂತೆ. ಆಟ ಶುರುವಾಗಲಿಲ್ಲ. ಅಭಿಮಾನಿಗಳು ತಡವಾಗಿ ಬಂದದ್ದರಿಂದ ವಿಳಂಬ ಅಂತ ಪರದೆಯ ಮೇಲೆ ಬಂತು. ಅವರು ತಡವಾಗಿ ಬಂದಿರಲಿಲ್ಲ. ಗಂಟೆಗಟ್ಟಲೆ ಹೊರಗೆ ನಿಂತಿದ್ದರು. ರೈಲು ಮುಷ್ಕರ, ಹೆದ್ದಾರಿಯ ಕೆಳಗಿನ ಇಕ್ಕಟ್ಟು ದಾರಿ, ಅದರ ಮಧ್ಯೆಯೇ ನಿಲ್ಲಿಸಿದ ಪೊಲೀಸ್ ವ್ಯಾನುಗಳು, ಮುಚ್ಚಿದ ಗೇಟುಗಳು. ಟಿಕೆಟ್ ಹಿಡಿದು ನಿಂತ ಜನರ ಮೇಲೆ, ಮಕ್ಕಳ ಮೇಲೆ ಅಶ್ರುವಾಯು. ವಾಪಸ್ ಹೋಗುವಾಗ ದರೋಡೆ. ಒಳಗೆ ಆಟ ಶುರುವಾಗುವಾಗ ಅರ್ಧ ಗಂಟೆಗೂ ಮೇಲಾಗಿತ್ತು.

ಆಗಿನ ಗೃಹ ಸಚಿವ ಜೆರಾಲ್ಡ್ ಡಾರ್ಮನಾನ್ ಹೇಳಿದರು, ಮೂವತ್ತರಿಂದ ನಲವತ್ತು ಸಾವಿರ ಇಂಗ್ಲಿಷ್ ಅಭಿಮಾನಿಗಳು ಟಿಕೆಟ್ ಇಲ್ಲದೆ ಅಥವಾ ನಕಲಿ ಟಿಕೆಟ್ ಹಿಡಿದು ಬಂದಿದ್ದರು ಅಂತ. ಗೇಟಿನ ಯಂತ್ರಗಳು ಹಿಡಿದ ನಕಲಿ ಟಿಕೆಟ್ ಮೂರು ಸಾವಿರವೂ ಇರಲಿಲ್ಲ. ಉಳಿದವರು ಎಲ್ಲಿ ಹೋದರು? ಸಿಸಿಟಿವಿ ನೋಡೋಣ ಅಂದರೆ ಏಳು ದಿನಕ್ಕೆ ತಾನಾಗೇ ಅಳಿಸಿಹೋಗಿತ್ತು, ಯಾರೂ ಕೇಳಿರಲಿಲ್ಲವಂತೆ. ಫ್ರಾನ್ಸಿನದ್ದೇ ಸೆನೆಟ್ ತನಿಖೆ ಮಾಡಿ ವ್ಯವಸ್ಥೆಯದೇ ಸೋಲು ಅಂದಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನೇಮಿಸಿದ ಸ್ವತಂತ್ರ ತನಿಖೆ 2023ರಲ್ಲಿ ಮುಖ್ಯ ಹೊಣೆ ಯುಇಎಫ್‌ಎಯದ್ದೇ ಅಂತ ಬರೆಯಿತು. ಯಾರೂ ಸಾಯದೆ ಉಳಿದದ್ದೇ ದೊಡ್ಡದು ಅನ್ನುವ ಅರ್ಥದ ಮಾತೂ ಅದರಲ್ಲಿತ್ತು.

ಹೊರಗೆ ನಿಂತವರಲ್ಲಿ ಹಿಲ್ಸ್‌ಬರೋ ಕಂಡು ಬದುಕಿದವರಿದ್ದರು. 1989ರಲ್ಲಿ ಶೆಫೀಲ್ಡ್‌ನ ಆ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿದ 97 ಲಿವರ್‌ಪೂಲ್ ಅಭಿಮಾನಿಗಳ ಸಾವು. ಆಗಲೂ ಹೇಳಿದ್ದು ಇದನ್ನೇ. ಕುಡಿದಿದ್ದರು, ಟಿಕೆಟ್ ಇರಲಿಲ್ಲ, ತಡವಾಗಿ ಬಂದರು. ಅಭಿಮಾನಿಗಳ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಲು 2016 ಬಂತು. 27 ವರ್ಷ. ಅಷ್ಟು ವರ್ಷ ಸುಳ್ಳು ಹೊತ್ತ ಜನರೇ ಪ್ಯಾರಿಸ್ಸಿನಲ್ಲಿ ಒಬ್ಬರನ್ನೊಬ್ಬರು ತಳ್ಳಬೇಡಿ ಅಂತ ಸಮಾಧಾನ ಮಾಡುತ್ತ ನಿಂತರು. ಅವರ ಮೇಲೇ ಅದೇ ಸುಳ್ಳು ಮತ್ತೆ. ಕಾಪಿ ಹೊಡೆಯುವುದಕ್ಕೂ ಒಂದು ನಾಚಿಕೆ ಬೇಡವೇ?

ನಾವು ಬೇರೆಯವರನ್ನು ಬಯ್ಯುವ ಹಾಗೂ ಇಲ್ಲ. 2025ರ ಜೂನ್ 4, ಚಿನ್ನಸ್ವಾಮಿ ಸ್ಟೇಡಿಯಂನ ಗೇಟುಗಳ ಹೊರಗೆ 11 ಜನ ಸತ್ತರು. ಕಪ್ ನೋಡಲು ಬಂದವರು. ಇಷ್ಟು ಜನ ಬರುತ್ತಾರೆ ಅಂತ ಯಾರಿಗೆ ಗೊತ್ತಿತ್ತು ಅನ್ನುವ ಮಾತು ನಾವೂ ಕೇಳಿದ್ದೇವೆ. ಎಲ್ಲರಿಗೂ ಗೊತ್ತಿತ್ತು. ಇದರ ಬಗ್ಗೆ ತಮಾಷೆಯಾಗಿ ಬರೆಯಲು ಕೂತರೆ ಪೆನ್ನು ಮುಂದೆ ಹೋಗುವುದಿಲ್ಲ.

ಡಾರ್ಮನಾನ್ ಏನಾದರು ಅಂತ ಕೇಳಿದಿರಾ? 2024ರ ಡಿಸೆಂಬರ್‌ನಲ್ಲಿ ಅವರಿಗೆ ಹೊಸ ಖಾತೆ ಕೊಟ್ಟರು. ನ್ಯಾಯ ಖಾತೆ.

ಮೊನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. ಡ್ರಾದಲ್ಲಿ ಅವನ ತಂಡಕ್ಕೆ ಮತ್ತೆ ಫ್ರಾನ್ಸ್ ಬಿದ್ದಿದೆ. ಈ ಸಲ ಬೂದು ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಮ್ಯೂಸಿಯಂ ಪುಸ್ತಕ ಹಿಡಿದುಕೊಂಡು, ಊರಿನವರ ಸ್ಟ್ಯಾಂಡಿನಲ್ಲೇ ಟಿಕೆಟ್ ತೆಗೆದುಕೊಂಡು ಕೂರುತ್ತಾನಂತೆ. ಮುಖದಲ್ಲಿ ಏನೂ ತೋರಿಸದೆ ಇರುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಾನೆ.

"ಎಲ್ಲಾ ಸರಿ ಮಾಮ, ನಾವು ಗೋಲ್ ಹೊಡೆದ್ರೆ?"

"ಬಗ್ಗಿ ಶೂ ಲೇಸ್ ಕಟ್ಕೋ" ಅಂದೆ.